ಅಜ್ಜನ ಚಳಿಜ್ವರ, ಮೊಮ್ಮಗನ ರಕ್ತ

ಅಥಣಿ, ಕಾಗವಾಡ, ಕುಡಚಿ, ಉಗಾರದ ಮಂದಿ ದೊಡ್ಡ ಕಾಯಿಲೆ ಅಂದರೆ ಮಿರಜದ ದಾರಿ ಹಿಡಿಯುತ್ತಾರೆ. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಚಿಕ್ಕೋಡಿ, ರಾಯಬಾಗದವರು ಬೆಳಗಾವಿಗೂ ಹೋಗುತ್ತಾರೆ, ಮಿರಜಕ್ಕೂ ಹೋಗುತ್ತಾರೆ. ಮನೆಯಲ್ಲಿ ಥಲಸ್ಸೇಮಿಯಾ ಇರುವ ಮಗುವಿದ್ದರೆ ಈ ತಿರುಗಾಟಕ್ಕೆ ಕೊನೆಯೇ ಇಲ್ಲ. ಮೂರು-ನಾಲ್ಕು ವಾರಕ್ಕೊಮ್ಮೆ ಮಗುವಿಗೆ ರಕ್ತ ಏರಿಸಬೇಕು. ಏರಿಸಿದ ರಕ್ತದಿಂದ ಮೈಯಲ್ಲಿ ಕೂಡಿಕೊಳ್ಳುವ ಕಬ್ಬಿಣ ಹೊರಹಾಕಲು ದಿನವೂ ಔಷಧ ಕೊಡಬೇಕು. ತಾಯಿ-ತಂದೆ ಇಬ್ಬರೂ ಗಟ್ಟಿಮುಟ್ಟಾಗಿಯೇ ಇರುತ್ತಾರೆ. 'ನಮ್ಮ ಎರಡೂ ಮನೆತನದಾಗ ಇಂಥಾದ್ದು ಯಾರಿಗೂ ಇರಲಿಲ್ಲ, ಇದು ಎಲ್ಲಿಂದ ಬಂತು?' ಎಂದು ಇಂಥ ತಂದೆತಾಯಿ ಕೇಳಿದರೆ ವಿಜ್ಞಾನ ಕೊಡುವ ಉತ್ತರ ಮೊದಲ ಸಲ ಕೇಳಿದವರಿಗೆ ನಂಬಲಿಕ್ಕಾಗದು. ಈ ರೋಗ ಇಷ್ಟೊಂದು ಮನೆಗಳಲ್ಲಿ ಉಳಿದುಕೊಂಡದ್ದು ಮಲೇರಿಯಾದಿಂದ. ಈಗಿನ ಮಲೇರಿಯಾದಿಂದಲ್ಲ, ನೂರಾರು ತಲೆಮಾರು ನಮ್ಮ ಹಿರಿಯರನ್ನು ಕಾಡಿದ ಚಳಿಜ್ವರದಿಂದ.

ಈ ಮಾತು ಮೊದಲು ಹೊಳೆದದ್ದು ಜೆ.ಬಿ.ಎಸ್. ಹಾಲ್ಡೇನ್ ಅವರಿಗೆ. ಮುಂದೆ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದು, ಈ ದೇಶದ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಅವರು. ಮೆಡಿಟರೇನಿಯನ್ ಕರಾವಳಿಯ ಮಂದಿಯಲ್ಲಿ ಥಲಸ್ಸೇಮಿಯಾ ಇಷ್ಟು ಹೆಚ್ಚೇಕೆ ಎಂಬುದು ಆ ಕಾಲದ ದೊಡ್ಡ ಒಗಟಾಗಿತ್ತು. ಥಲಸ್ಸೇಮಿಯಾ ಜೀನಿನ ಎರಡು ಕೆಟ್ಟ ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು, ಪಡೆದ ಮಗು ಚಿಕ್ಕಂದಿನಲ್ಲೇ ಸಾಯುತ್ತಿತ್ತು. ಹಾಗಿದ್ದರೆ ಆ ಜೀನ್ ಕ್ರಮೇಣ ಅಳಿದುಹೋಗಬೇಕಿತ್ತಲ್ಲ? 1949ರಲ್ಲಿ ಹಾಲ್ಡೇನ್ ಬರೆದರು: ಒಂದೇ ಪ್ರತಿ ಪಡೆದವರ ಕೆಂಪು ರಕ್ತಕಣಗಳು ಚಿಕ್ಕವಾಗಿರುತ್ತವೆ, ಅವರು ಮಲೇರಿಯಾವನ್ನು ಹೆಚ್ಚು ತಡೆದುಕೊಳ್ಳುತ್ತಿರಬಹುದು. ಜ್ವರದ ವರ್ಷಗಳಲ್ಲಿ ಬದುಕುಳಿದು ಮಕ್ಕಳು ಮರಿ ಕಂಡವರಲ್ಲಿ ಇವರ ಪಾಲು ದೊಡ್ಡದಿದ್ದರೆ, ಕೆಲವು ಮಕ್ಕಳು ಸತ್ತರೂ ಜೀನ್ ಉಳಿಯುತ್ತದೆ. ಮಲೇರಿಯಾ ಜೀನನ್ನು ಹುಟ್ಟಿಸಲಿಲ್ಲ. ಅಂಥ ಬದಲಾವಣೆ ಆಕಸ್ಮಿಕವಾಗಿ ಆಗುತ್ತದೆ. ಆದದ್ದನ್ನು ಮಲೇರಿಯಾ ಸಲಹಿತು. ಅಜ್ಜ-ಮುತ್ತಜ್ಜಂದಿರು ಜೀವ ಉಳಿಸಿಕೊಳ್ಳಲು ಎತ್ತಿದ ಸಾಲ ಇದು. ತೀರಿಸುತ್ತಿರುವುದು ಈಗಿನ ಕೆಲವು ಮಕ್ಕಳು, ಅದೂ ಚಳಿಜ್ವರ ಊರು ಬಿಟ್ಟ ಮೇಲೆ.

ಸಾರ್ಡೀನಿಯಾ ದ್ವೀಪದಲ್ಲಿ ಇದನ್ನು ಒರೆಗೆ ಹಚ್ಚಿ ನೋಡಿದರು. ಮಲೇರಿಯಾ ತುಂಬಿದ್ದ ತಗ್ಗಿನ ಹಳ್ಳಿಗಳಲ್ಲಿ ಥಲಸ್ಸೇಮಿಯಾ ವಾಹಕರು, ಅಂದರೆ ಒಂದೇ ಪ್ರತಿ ಇದ್ದವರು, ಹೆಚ್ಚು, ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಕಡಿಮೆ. ನಮಗೆ ಇನ್ನೂ ಹತ್ತಿರದ ಸಾಕ್ಷಿ ನೇಪಾಳದ ತರಾಯಿಯಲ್ಲಿದೆ. ಅಲ್ಲಿನ ಕಾಡುತಗ್ಗಿನಲ್ಲಿ ಥಾರು ಸಮುದಾಯದವರು ತಲೆತಲಾಂತರದಿಂದ ಇದ್ದರು. ಬೇರೆಯವರು ಅಲ್ಲಿ ಒಂದು ಮಳೆಗಾಲ ಕಳೆಯುವುದೂ ಕಷ್ಟವಿತ್ತು. 1991ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಥಾರುಗಳಲ್ಲಿ ಥಲಸ್ಸೇಮಿಯಾದ ಇನ್ನೊಂದು ಬಗೆಯಾದ ಆಲ್ಫಾ ಥಲಸ್ಸೇಮಿಯಾದ ಜೀನ್ ಬಹುತೇಕ ಎಲ್ಲರಲ್ಲೂ ಇದೆ, ಅಕ್ಕಪಕ್ಕದಲ್ಲೇ ಇರುವ ಬೇರೆಯವರಿಗಿಂತ ಅವರಿಗೆ ಮಲೇರಿಯಾ ಬರುವುದು ಸುಮಾರು ಏಳು ಪಟ್ಟು ಕಡಿಮೆ.

ಕೃಷ್ಣೆಯ ತೀರದಲ್ಲೂ ಚಳಿಜ್ವರ ಹೊಸದಲ್ಲ. ಅಥಣಿ, ಕಾಗವಾಡ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಈ ಐದು ತಾಲೂಕುಗಳ ನೆಲವೇ ಸೊಳ್ಳೆಗೆ ಒಗ್ಗುವಂಥದ್ದು. ಪಶ್ಚಿಮದಿಂದ ದೂಧಗಂಗಾ, ವೇದಗಂಗಾ ಇಳಿದು ಬಂದು ಕೃಷ್ಣೆ ಸೇರುತ್ತವೆ. ಘಟಪ್ರಭಾ ಕಾಲುವೆಗಳು ರಾಯಬಾಗದ ಕಡೆ ನೀರು ಹಾಯಿಸುತ್ತವೆ. ಮಳೆಗಾಲದಲ್ಲಿ ಮಾಂಜರಿ, ಯಡೂರಿನ ಸುತ್ತ ನೀರು ಏರಿ ಇಳಿದ ಮೇಲೆ ಹೊಂಡಗಳು ನಿಲ್ಲುತ್ತವೆ. ನಮ್ಮ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲಿ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರರಾವ್ ಅವರ ತಂಡ ಧಾರವಾಡ ಮತ್ತು ಕಾರವಾರ ಸೀಮೆಯ ಹಳ್ಳಿಗಳಲ್ಲಿ ಮನೆಗೋಡೆಗಳಿಗೆ ಡಿಡಿಟಿ ಹೊಡೆಯುವ ಕೆಲಸ ಶುರು ಮಾಡಿತು. ಹಳ್ಳಿಗಾಡಿನ ಮಲೇರಿಯಾಕ್ಕೆ ಡಿಡಿಟಿ ಬಳಸಿದ ದೇಶದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಇದೂ ಒಂದು. ಅದರ ಫಲಿತಾಂಶ 1947ರಲ್ಲಿ ಅಚ್ಚಾಯಿತು. ಆ ಕಾಲದ ಸಮೀಕ್ಷೆಗೆ ಬಂದವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡಪಕ್ಕೆಯ ಕೆಳಗೆ ಒತ್ತಿ ನೋಡುತ್ತಿದ್ದರು. ಮತ್ತೆ ಮತ್ತೆ ಮಲೇರಿಯಾ ಬಂದ ಮಗುವಿನ ಗುಲ್ಮ ಊದಿಕೊಂಡು ಕೈಗೆ ಸಿಗುತ್ತದೆ. ಮಂದಿ ಅದನ್ನು ಜ್ವರಗಡ್ಡೆ ಎನ್ನುತ್ತಿದ್ದರು. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಮಂದಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಮಂದಿ ಸಾಯುತ್ತಿದ್ದರು ಎಂಬುದು ಅಂದಾಜು. 1953ರ ರಾಷ್ಟ್ರೀಯ ಕಾರ್ಯಕ್ರಮದ ನಂತರ 1965ರ ಹೊತ್ತಿಗೆ ಅದು ಸುಮಾರು ಒಂದು ಲಕ್ಷ ಪ್ರಕರಣಕ್ಕಿಳಿಯಿತು. 1976ರಲ್ಲಿ ಮತ್ತೆ 64 ಲಕ್ಷ ದಾಟಿತು. ಈಗ ಮತ್ತೆ ಇಳಿದಿದೆ. ಡಿಡಿಟಿ ಸೊಳ್ಳೆಯನ್ನು ಓಡಿಸಿತು. ಸಾವಿರಾರು ವರ್ಷಗಳಲ್ಲಿ ರಕ್ತದಲ್ಲಿ ಕೂತದ್ದನ್ನು ಅದು ಮುಟ್ಟಲಿಲ್ಲ.

ಹಾಗೆ ಕೂತದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಅರ್ಥವಾಗಿರುವುದು ಕುಡಗೋಲು ಕಣದ ಜೀನ್. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದ ಒಂದು ಜಾಗದಲ್ಲಿ ವ್ಯಾಲಿನ್ ಬಂದು ಕೂತಿರುತ್ತದೆ, ಅಷ್ಟೇ ವ್ಯತ್ಯಾಸ. ಎರಡೂ ಪ್ರತಿ ಹೀಗಾದರೆ ಆಮ್ಲಜನಕ ಕಡಿಮೆಯಾದಾಗ ಕೆಂಪುಕಣ ಬಾಗಿ ಗಡಸಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗಿನ ಎಲುಬು ನೋವು ಅನುಭವಿಸಿದವರಿಗೇ ಗೊತ್ತು. ಒಂದೇ ಪ್ರತಿ ಇದ್ದವರಿಗೆ ಕಾಯಿಲೆ ಇಲ್ಲ. ಅವರಿಗೆ ಫಾಲ್ಸಿಪ್ಯಾರಮ್ ಎಂಬ ಬಗೆಯ ಮಲೇರಿಯಾ ಜೀವಕ್ಕೆರವಾಗುವಷ್ಟು ಉಲ್ಬಣಿಸುವುದು ತೊಂಬತ್ತು ಪ್ರತಿಶತದಷ್ಟು ಕಡಿಮೆ ಎಂದು ಆಫ್ರಿಕಾದ ಅಧ್ಯಯನಗಳು ತೋರಿಸಿವೆ. 1954ರಲ್ಲಿ ಆಂಟನಿ ಆಲಿಸನ್ ಇದನ್ನು ಪೂರ್ವ ಆಫ್ರಿಕಾದಲ್ಲಿ ಕಂಡುಕೊಂಡರು. ಅದಕ್ಕೂ ಎರಡು ವರ್ಷ ಮೊದಲು, 1952ರಲ್ಲಿ, ಲೇಮನ್ ಮತ್ತು ಕಟ್‌ಬುಷ್ ನಮ್ಮ ನೆರೆಯ ನೀಲಗಿರಿಯ ಆದಿವಾಸಿಗಳಲ್ಲಿ ಇದೇ ಜೀನ್ ಪತ್ತೆ ಹಚ್ಚಿದ್ದರು. ಕರ್ನಾಟಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ಮೈಸೂರು-ಕೊಡಗು ಕಾಡಂಚಿನ ಜೇನುಕುರುಬರಲ್ಲಿ ಇದು ಇದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಇದರ ತಪಾಸಣೆ ನಡೆಸುತ್ತ ಬಂದಿದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಸೇರಿದೆ.

ಒಂದು ಪ್ರತಿ ಕುಡಗೋಲು ಜೀನ್ ಕಾಪಾಡುತ್ತದೆ, ಆಲ್ಫಾ ಥಲಸ್ಸೇಮಿಯಾವೂ ಕಾಪಾಡುತ್ತದೆ. ಎರಡೂ ಇದ್ದರೆ ದುಪ್ಪಟ್ಟು ರಕ್ಷಣೆ ಸಿಗಬೇಕಲ್ಲ? ಕೆನ್ಯಾದಲ್ಲಿ ನೋಡಿದಾಗ ಎರಡೂ ಇದ್ದ ಮಕ್ಕಳಲ್ಲಿ ರಕ್ಷಣೆ ಹೆಚ್ಚುಕಡಿಮೆ ಇಲ್ಲವಾಗಿತ್ತು. ಎರಡು ಜೀನುಗಳು ಒಂದರ ಉಪಕಾರವನ್ನು ಇನ್ನೊಂದು ಅಳಿಸಿಹಾಕುತ್ತವೆ. ಇದು ತಿಳಿದಿದ್ದರೆ 'ಇಂಥ ಕುಲದವರ ರಕ್ತ ಗಟ್ಟಿ, ಇಂಥವರದು ನೀರು' ಎಂಬ ಊರಮಾತನ್ನು ಯಾರೂ ಆಡಲಾರರು. ರಕ್ತದ ವ್ಯತ್ಯಾಸ ಯಾರ ಹೆಚ್ಚುಗಾರಿಕೆಯೂ ಅಲ್ಲ, ಯಾರ ಕಳಂಕವೂ ಅಲ್ಲ. ಹಿರಿಯರು ಯಾವ ಸೊಳ್ಳೆಯ ನಡುವೆ ಎಷ್ಟು ಕಾಲ ಬಾಳಿದರು ಎಂಬುದರ ಗುರುತು ಅದು. ಇದನ್ನು ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ವಾಹಕಿ ಎಂದು ಗೊತ್ತಾದ ಹುಡುಗಿಯ ಲಗ್ನ ಮುರಿಯುವಷ್ಟು ಅವಸರ ನಮ್ಮ ಸಮಾಜಕ್ಕಿದೆ. ವಾಹಕ ಹುಡುಗನ ಬಗ್ಗೆ ಅಷ್ಟು ಅವಸರ ಕಾಣುವುದಿಲ್ಲ.

ಲಗ್ನದ ವಿಷಯ ಇಲ್ಲಿ ಬರಲೇಬೇಕು. ಭಾರತದಲ್ಲಿ ನೂರಕ್ಕೆ ಮೂರು-ನಾಲ್ಕು ಮಂದಿ ಬೀಟಾ ಥಲಸ್ಸೇಮಿಯಾದ, ಅಂದರೆ ಮೊದಲು ಹೇಳಿದ ರಕ್ತ ಏರಿಸಬೇಕಾದ ರೋಗದ, ವಾಹಕರು. ಸಿಂಧಿ, ಪಂಜಾಬಿ, ಗುಜರಾತಿಗಳಲ್ಲಿ ಮಾತ್ರ ಎಂಬ ಮಾತು ಕೆಲವರಲ್ಲಿದೆ, ಅದು ಸರಿಯಲ್ಲ. ವಾಹಕರಿಬ್ಬರ ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗು ಚೆನ್ನಾಗಿದೆ ಎಂದಮಾತ್ರಕ್ಕೆ ಎರಡನೆಯದಕ್ಕೆ ಈ ಲೆಕ್ಕ ಬದಲಾಗುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಸೋದರಿಕೆ ಇನ್ನೂ ಜೀವಂತವಾಗಿದೆ. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು, ಹೊಲ-ಮನೆ ಕಳ್ಳುಬಳ್ಳಿಯೊಳಗೇ ಉಳಿಯಲಿ ಎಂಬ ಆಸೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ತಪಾಸಣೆಯೊಂದಿಗೆ ನಡೆದ ದೊಡ್ಡ ಅಧ್ಯಯನದಲ್ಲಿ ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದಾಗಿತ್ತು. ಈಚಿನ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದಲ್ಲಿ ಅದು ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚಿದೆ. ಅಜ್ಜನೊಬ್ಬನಿಂದ ಇಳಿದ ಒಂದೇ ಜೀನ್ ಎರಡು ಕಡೆಯಿಂದ ಬಂದು ಒಂದೇ ಮಗುವಿನಲ್ಲಿ ಕೂಡುವುದು ಇಂಥ ಮನೆಗಳಲ್ಲಿ ಸುಲಭ. ಸೋದರಿಕೆ ಬಿಡಿ ಎಂದು ಉಪದೇಶ ಮಾಡಿದರೆ ಕೇಳುವವರು ಕಡಿಮೆ. ಮದುವೆಗೆ ಮೊದಲು, ಅದಾಗದಿದ್ದರೆ ಬಸಿರಿನ ಮೊದಲ ತಿಂಗಳುಗಳಲ್ಲಿ, ಒಂದು ರಕ್ತಪರೀಕ್ಷೆ ಮಾಡಿಸಿ ಎಂದರೆ ಕೇಳಬಹುದು. ಹಿಮೋಗ್ಲೋಬಿನ್ ಎ2 ಪ್ರಮಾಣ 3.5 ಪ್ರತಿಶತಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಅವರು ವಾಹಕರು. ಎಷ್ಟೋ ವಾಹಕ ಹೆಣ್ಣುಮಕ್ಕಳು 'ರಕ್ತ ಕಡಿಮೆ' ಎಂದು ವರ್ಷಗಟ್ಟಲೆ ಕಬ್ಬಿಣದ ಗುಳಿಗೆ ನುಂಗುತ್ತಲೇ ಇರುತ್ತಾರೆ. ಗುಳಿಗೆಯಿಂದ ಏನೂ ಏರದಿದ್ದರೆ ಆ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕೆಂಪುಕಣದ ಕತೆ. ಮೈಯ ಕಾವಲು ಪಡೆಯ ಕತೆ ಇದಕ್ಕಿಂತ ಗೋಜಲು. ಕುಡಗೋಲು ಜೀನಿನ ರಕ್ಷಣೆಯಲ್ಲೂ ಅದರ ಪಾಲಿದೆ. ಮಲೇರಿಯಾದ ಪರೋಪಜೀವಿ ಹೊಕ್ಕ ಇಂಥ ಕಣ ಬೇಗ ಬಾಗುತ್ತದೆ, ಗುಲ್ಮ ಅದನ್ನು ಹಿಡಿದು ನುಂಗುತ್ತದೆ. ಪರೋಪಜೀವಿಯ ಪರಿಚಯ ರೋಗನಿರೋಧಕ ವ್ಯವಸ್ಥೆಗೆ ಬೇಗನೆ ಆಗುತ್ತದೆ ಎಂದು ವಿಜ್ಞಾನಿಗಳು ಊಹಿಸುತ್ತಾರೆ. ಕೆನ್ಯಾದ ಮಕ್ಕಳಲ್ಲಿ ಈ ರಕ್ಷಣೆ ಹುಟ್ಟಿನಿಂದ ಒಂದೇ ಸಮ ಇರದೆ ಬೆಳೆಯುತ್ತ ಬೆಳೆಯುತ್ತ ಹೆಚ್ಚಿದ್ದು ಆ ಊಹೆಗೆ ಬಲ ಕೊಟ್ಟಿತು.

ಕಾವಲು ಪಡೆಯ ಇನ್ನೊಂದು ಉದಾಹರಣೆ ಬುರ್ಕಿನಾ ಫಾಸೊ ದೇಶದ ಫುಲಾನಿ ದನಗಾಹಿಗಳು. ಅದೇ ಸೊಳ್ಳೆ, ಅದೇ ಪ್ರದೇಶ, ಪಕ್ಕದಲ್ಲೇ ಮೊಸ್ಸಿ ರೈತರು. ಆದರೂ ಫುಲಾನಿಗಳಿಗೆ ಮಲೇರಿಯಾ ಕಡಿಮೆ, ಅವರ ರಕ್ತದಲ್ಲಿ ಮಲೇರಿಯಾ ವಿರುದ್ಧದ ಪ್ರತಿಕಾಯಗಳು ಹೆಚ್ಚು. 1996ರಲ್ಲಿ ಇಟಲಿಯ ಮೊಡಿಯಾನೊ ತಂಡ ಇದನ್ನು ವರದಿ ಮಾಡಿತು. ಕುಡಗೋಲು ಜೀನ್ ಮುಂತಾದ ಗೊತ್ತಿದ್ದ ರಕ್ಷಕ ಜೀನುಗಳು ಫುಲಾನಿಗಳಲ್ಲೇ ಕಡಿಮೆ ಇದ್ದವು. ವ್ಯತ್ಯಾಸ ಇದ್ದದ್ದು ಅವರ ರೋಗನಿರೋಧಕ ಶಕ್ತಿ ಕೆರಳುವ ರೀತಿಯಲ್ಲಿ. ಹಾಗೆಂದು ಹೆಚ್ಚು ಕೆರಳಿದರೆ ಯಾವಾಗಲೂ ಒಳಿತಲ್ಲ. ಗ್ಯಾಂಬಿಯಾದಲ್ಲಿ 1994ರಲ್ಲಿ ಕಂಡದ್ದೇನೆಂದರೆ, ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ನಿಯಂತ್ರಿಸುವ ಜೀನ್ ಭಾಗದ ಒಂದು ರೂಪ ಎರಡು ಪ್ರತಿಯಲ್ಲಿದ್ದ ಮಕ್ಕಳಿಗೆ ಮಲೇರಿಯಾ ಮಿದುಳಿಗೇರಿ ಸಾಯುವ ಅಪಾಯ ಹೆಚ್ಚಿತ್ತು. ಮಲೇರಿಯಾದಲ್ಲಿ ಕೆಲವೊಮ್ಮೆ ಕೊಲ್ಲುವುದು ಪರೋಪಜೀವಿಗಿಂತ ನಮ್ಮ ಮೈಯ ಸಿಟ್ಟು. ಮಂಗಳೂರಿನ ರೋಗಿಗಳ ರಕ್ತದಲ್ಲಿ ಇಂಥ ಉರಿಯೂತದ ಸಂಕೇತಗಳನ್ನು ಅಳೆದು ನೋಡಿದ ಕೆಲಸದಲ್ಲಿ ಕುವೆಂಪು ವಿಶ್ವವಿದ್ಯಾಲಯದವರ ಜೊತೆ ಅಮೆರಿಕದ ಪೆನ್ ಸ್ಟೇಟ್‌ನ ಡಿ. ಚನ್ನೇಗೌಡರೂ ಇದ್ದರು.

ಅದೇ ಗ್ಯಾಂಬಿಯಾದಲ್ಲಿ 1991ರಲ್ಲಿ ಏಡ್ರಿಯನ್ ಹಿಲ್ ಮತ್ತು ಸಂಗಡಿಗರು ಇನ್ನೊಂದು ಸಂಗತಿ ಕಂಡುಕೊಂಡಿದ್ದರು. ಎಚ್‌ಎಲ್‌ಎ-ಬಿ53 ಎಂಬ ರೂಪ ಇದ್ದ ಮಕ್ಕಳಿಗೆ ತೀವ್ರ ಮಲೇರಿಯಾ ಕಡಿಮೆ. ಹೊಕ್ಕ ಶತ್ರುವಿನ ತುಣುಕುಗಳನ್ನು ಕಾವಲು ಕೋಶಗಳಿಗೆ ಎತ್ತಿ ತೋರಿಸುವುದು ಎಚ್‌ಎಲ್‌ಎ ಪ್ರೋಟೀನುಗಳ ಕೆಲಸ, ಯಾರ ಎಚ್‌ಎಲ್‌ಎ ಯಾವ ತುಣುಕನ್ನು ಚೆನ್ನಾಗಿ ತೋರಿಸುತ್ತದೆ ಎಂಬುದು ಜೀನ್ ಮೇಲೆ ನಿಂತಿದೆ. ಆ ಹಿಲ್ ಮುಂದೆ ಆಕ್ಸ್‌ಫರ್ಡ್‌ನಲ್ಲಿ ಆರ್21 ಮಲೇರಿಯಾ ಲಸಿಕೆ ಕೆಲಸದ ಮುಂದಾಳಾದರು. ವಿಶ್ವ ಆರೋಗ್ಯ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ ಅದಕ್ಕೆ ಶಿಫಾರಸು ಕೊಟ್ಟಿತು. ಅದನ್ನು ತಯಾರಿಸುವುದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್. ನಿಪ್ಪಾಣಿಯ ಮಗ್ಗುಲಲ್ಲಿ ಹಾಯುವ ಹೆದ್ದಾರಿಯೇ ನೇರ ಅಲ್ಲಿಗೆ ಹೋಗುತ್ತದೆ. ಲಸಿಕೆ ಹೋಗುವುದು ಆಫ್ರಿಕಾದ ಮಕ್ಕಳಿಗೆ, ಅವರಿಗೇ ಅದರ ತುರ್ತು ಹೆಚ್ಚು.

ಇಷ್ಟೆಲ್ಲ ಕೇಳಿ ಎಲ್ಲವೂ ಜೀನಿನಲ್ಲೇ ಬರೆದಿದೆ ಎಂದುಕೊಳ್ಳಬಾರದು. ಕೆನ್ಯಾದ ಕಿಲಿಫಿಯಲ್ಲಿ ಮಕ್ಕಳ ನಡುವಣ ವ್ಯತ್ಯಾಸವನ್ನು ಅಳೆದ 2005ರ ಅಧ್ಯಯನದಲ್ಲಿ ಜೀನುಗಳ ಪಾಲು ಸುಮಾರು ನಾಲ್ಕನೇ ಒಂದು. ಒಟ್ಟು ವ್ಯತ್ಯಾಸದಲ್ಲಿ ಕುಡಗೋಲು ಜೀನಿನದು ಎರಡು ಪ್ರತಿಶತ ಮಾತ್ರ. ಮನೆ ಎಲ್ಲಿದೆ, ಹೇಗಿದೆ ಎಂಬುದೂ ಸಣ್ಣ ಮಾತಲ್ಲ. ಮತ್ತೆ ಮತ್ತೆ ಸೋಂಕು ತಗಲಿ ಬರುವ ರೋಗನಿರೋಧಕತೆ ಮಲೇರಿಯಾ ಇಲ್ಲದ ಊರಲ್ಲಿ ಕರಗಿಹೋಗುತ್ತದೆ. ಅಥಣಿಯ ಈಗಿನ ಮೂವತ್ತರ ಪ್ರಾಯದವರಿಗೆ ಅಜ್ಜನ ಜೀನ್ ಇರಬಹುದು, ಅಜ್ಜನ ಪ್ರತಿಕಾಯಗಳಿಲ್ಲ. ಲಾರಿ ತೆಗೆದುಕೊಂಡು ಒಡಿಶಾಕ್ಕೆ ಹೋಗಿ ಬರುವ ಡ್ರೈವರ್, ಮಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿ ಬರುವ ಹುಡುಗ ಜ್ವರ ಬಂದರೆ ಅದೇ ದಿನ ರಕ್ತಲೇಪನ ಕೊಡಬೇಕು. ನಾಳೆ ನೋಡೋಣ ಎನ್ನುವಷ್ಟು ಸಮಯವನ್ನು ಫಾಲ್ಸಿಪ್ಯಾರಮ್ ಕೊಡದಿರಬಹುದು.

ನಮ್ಮ ಕಡೆ ಮಲೇರಿಯಾದ ಇನ್ನೊಂದು ಬಗೆ, ವೈವಾಕ್ಸ್, ಹಳೆಯ ಪರಿಚಿತ. ಪಶ್ಚಿಮ ಆಫ್ರಿಕಾದವರಲ್ಲಿ ಬಹುತೇಕ ಎಲ್ಲರ ಕೆಂಪುಕಣದ ಮೇಲೂ ಡಫಿ ಎಂಬ ಪ್ರೋಟೀನ್ ಇರುವುದಿಲ್ಲ. ವೈವಾಕ್ಸ್ ಕಣದೊಳಗೆ ಹೋಗಲು ಹಿಡಿಯುವುದು ಅದನ್ನೇ, ಹಾಗಾಗಿ ಅಲ್ಲಿ ಅದರ ಆಟ ನಡೆಯುವುದು ಅಪರೂಪ. 1976ರಲ್ಲಿ ಲೂಯಿ ಮಿಲ್ಲರ್ ತಂಡ ಇದನ್ನು ತೋರಿಸಿತು. ಭಾರತದಲ್ಲಿ ಡಫಿ ಇಲ್ಲದವರು ತೀರ ಕಡಿಮೆ. ಆ ಬಾಗಿಲು ನಮ್ಮಲ್ಲಿ ತೆರೆದೇ ಇದೆ. ವೈವಾಕ್ಸ್ ಜೀವ ತೆಗೆಯುವುದು ಕಡಿಮೆ, ಆದರೆ ಪಿತ್ತಜನಕಾಂಗದಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಸೊಳ್ಳೆ ಕಚ್ಚದೆಯೂ ಮತ್ತೆ ಜ್ವರ ತರುತ್ತದೆ. ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಮಾತ್ರ ಕೊಲ್ಲುತ್ತದೆ. ಅಡಗಿದ್ದನ್ನು ಕೊಲ್ಲಲು ಪ್ರೈಮಾಕ್ವಿನ್ ಬೇಕು, ಅದೂ ನಮ್ಮ ದೇಶದ ಕ್ರಮದಂತೆ 14 ದಿನ.

ಮತ್ತೆ ಜೀನ್ ಅಡ್ಡ ಬರುವುದು ಇಲ್ಲಿಯೇ. ಜಿ6ಪಿಡಿ ಎಂಬ ಕಿಣ್ವ ಕೆಂಪುಕಣವನ್ನು ಕೆಲವು ರಾಸಾಯನಿಕಗಳ ಹೊಡೆತದಿಂದ ಕಾಯುತ್ತದೆ. ಅದರ ಕೊರತೆಯೂ ಮಲೇರಿಯಾದ ಕಾಲದಲ್ಲಿ ಉಪಕಾರಕ್ಕೆ ಬಂದಿದ್ದರಿಂದಲೇ ಉಳಿದುಕೊಂಡಿತು. ಕೊರತೆ ಇದ್ದವರು ಪ್ರೈಮಾಕ್ವಿನ್ ನುಂಗಿದರೆ ಕೆಂಪುಕಣಗಳು ಒಡೆಯುತ್ತವೆ. 1956ರಲ್ಲಿ ಅಮೆರಿಕದಲ್ಲಿ ಕಾರ್ಸನ್, ಆಲ್ವಿಂಗ್ ಮುಂತಾದವರು ಈ ಕೊರತೆ ಕಂಡುಹಿಡಿದದ್ದೇ ಪ್ರೈಮಾಕ್ವಿನ್ ನುಂಗಿ ಕೆಲವರು ಯಾಕೆ ಬಿಳಿಚಿಕೊಳ್ಳುತ್ತಾರೆ ಎಂದು ಹುಡುಕುತ್ತ. ಜೀನ್ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಗಂಡಸರಲ್ಲಿ ಇದು ಹೆಚ್ಚು ಕಾಣಿಸುತ್ತದೆ, ಗಂಡುಮಕ್ಕಳಿಗೆ ದಾಟಿಸುವುದು ತಾಯಿ. ಭಾರತದಲ್ಲಿ ಮುಖ್ಯವಾಗಿ ಮೂರು ರೂಪಗಳಿವೆ: ಮೆಡಿಟರೇನಿಯನ್, ಕೇರಳ-ಕಲ್ಯಾಣ, ಒರಿಸ್ಸಾ. ಕೊರತೆ ಇರುವ ಹಸುಗೂಸಿಗೆ ಡಾಂಬರಗುಳಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟ ಬಟ್ಟೆ ತೊಡಿಸಿದರೂ ಕಾಮಾಲೆ ಏರಬಹುದು. ಇದನ್ನು ಬಾಣಂತಿ ಇರುವ ಪ್ರತಿ ಮನೆಗೂ ಆಶಾ ಕಾರ್ಯಕರ್ತೆಯರು ತಿಳಿಸಬೇಕು ಎಂದು ನನಗೆ ಅನಿಸುತ್ತದೆ. ಇದರ ಮೇಲೆ ಇನ್ನೊಂದು ತೊಡಕಿದೆ. ಪ್ರೈಮಾಕ್ವಿನ್ ಕೆಲಸ ಮಾಡಬೇಕಾದರೆ ಪಿತ್ತಜನಕಾಂಗದ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಬದಲಿಸಬೇಕು. ಆ ಜೀನ್ ಮಂದವಾಗಿರುವವರಿಗೆ ಗುಳಿಗೆ ಪೂರ್ತಿ ತೆಗೆದುಕೊಂಡರೂ ಜ್ವರ ಮರಳಬಹುದು. ಅಂಥವರನ್ನು 'ಗುಳಿಗೆ ಬಿಟ್ಟಿರಬೇಕು' ಎಂದು ಗದರಿಸುವುದು ಅನ್ಯಾಯ.

ಈ ತೊಡಕುಗಳನ್ನು ನಮ್ಮ ಕಬ್ಬಿನ ಹೊಲಗಳಲ್ಲಿ ಇಟ್ಟು ನೋಡಿ. ಸಕ್ಕರೆ ಕಾರಖಾನೆಗಳ ಚಿಮಣಿ ಹೊಗೆಯಾಡುವ ಹೊತ್ತಿಗೆ ಮರಾಠವಾಡದಿಂದಲೂ ನಮ್ಮದೇ ಬಯಲುಸೀಮೆಯ ಜಿಲ್ಲೆಗಳಿಂದಲೂ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಉಗಾರ, ಚಿಕ್ಕೋಡಿ, ಅಥಣಿ, ರಾಯಬಾಗದ ಸುತ್ತ ಹೊಲದ ಬದುವಿಗೆ, ಕಾಲುವೆಯ ದಂಡೆಗೆ ಗುಡಿಸಲು ಎದ್ದೇಳುತ್ತವೆ. ಬೆಳಗಿನ ಜಾವ ಕತ್ತಲಲ್ಲೇ ಕೊಯ್ತಾ ಹಿಡಿದು ಹೊರಡುವವರು, ತೊಟ್ಟಿಲಿಲ್ಲದೆ ಕಬ್ಬಿನ ರವದಿ ಮೇಲೆ ಮಲಗುವ ಕೂಸುಗಳು, ಅವರಿಗೆ ಸೊಳ್ಳೆ ಪರದೆ ಎಲ್ಲಿಯದು? ಒಂದು ಗ್ಯಾಂಗಿನಲ್ಲೇ ಬೇರೆ ಬೇರೆ ಊರಿನ, ಬೇರೆ ಬೇರೆ ರಕ್ತಚರಿತ್ರೆಯ ಮಂದಿ ಇರುತ್ತಾರೆ. ಅವರಲ್ಲೊಬ್ಬರಿಗೆ ವೈವಾಕ್ಸ್ ಸಿಕ್ಕಿತು ಎಂದುಕೊಳ್ಳೋಣ. ಕ್ಲೋರೋಕ್ವಿನ್ ಮೂರೇ ದಿನ, ಪ್ರೈಮಾಕ್ವಿನ್ 14 ದಿನ. ಎಂಟನೆಯ ದಿನ ಮುಕಾದಮ ಗ್ಯಾಂಗನ್ನು ಇನ್ನೊಂದು ಊರಿನ ಹೊಲಕ್ಕೆ ಕರೆದುಕೊಂಡು ಹೋಗುತ್ತಾನೆ, ಉಳಿದ ಗುಳಿಗೆಗಳನ್ನು ಯಾರೂ ಎಣಿಸುವುದಿಲ್ಲ. ಜಿ6ಪಿಡಿ ಪರೀಕ್ಷೆ ಮಾಡಿಸದೆ ಕೊಟ್ಟಿದ್ದರೆ, ಮೂತ್ರ ಕಪ್ಪಾದರೆ ಗುಳಿಗೆ ನಿಲ್ಲಿಸಿ ದವಾಖಾನೆಗೆ ಬಾ ಎಂದು ಅವರ ಭಾಷೆಯಲ್ಲಿ ಹೇಳಿ ಕಳಿಸಿದವರಾದರೂ ಇರಬೇಕಲ್ಲ. ಕಾರಖಾನೆಗಳು ಗ್ಯಾಂಗಿಗೆ ಮುಂಗಡ ಕೊಡುವಾಗ ಹೆಸರು ಬರೆದುಕೊಳ್ಳುತ್ತವೆ, ಅದೇ ಪಟ್ಟಿಯನ್ನು ಆಯಾ ಪಿಎಚ್‌ಸಿಗೆ ಕೊಡುವುದಕ್ಕೆ ಖರ್ಚೇನೂ ಇಲ್ಲ. ಗುಡಿಸಲು ಎದ್ದ ವಾರದಲ್ಲೇ ಜ್ವರ ಇದ್ದವರ ರಕ್ತಲೇಪನ, ವೈವಾಕ್ಸ್ ಬಂದವರಿಗೆ ಗುಳಿಗೆಗೆ ಮೊದಲು ಜಿ6ಪಿಡಿ ಪರೀಕ್ಷೆ, ಗ್ಯಾಂಗ್ ಹೋದ ಊರಿನ ಆಶಾಗೆ ಉಳಿದ ದಿನಗಳ ಲೆಕ್ಕದ ಒಂದು ಫೋನ್ ಕರೆ: ಮುಂದಿನ ಸೀಜನ್ನಿನಿಂದ ಇಷ್ಟನ್ನು ಈ ಐದೂ ತಾಲೂಕುಗಳಲ್ಲಿ ಶುರು ಮಾಡಬಹುದು.